ಯುದ್ಧವಿಮಾನವೂ ನನ್ನ ಜುಬ್ಬಾದ ಕಿಸೆಯೂ

ಸರ್ಕಾರ ದುಡ್ಡನ್ನು ಹೇಗೆ ಖರ್ಚು ಮಾಡಬೇಕೆಂಬ ವಿಷಯದಲ್ಲಿ ಸರ್ಕಾರವೊಂದನ್ನು ಬಿಟ್ಟು ಉಳಿದೆಲ್ಲರಿಗೂ ಖಚಿತವಾದ ಅಭಿಪ್ರಾಯವಿರುತ್ತದೆ. ನನಗೆ ಅದು ತುಸು ಹೆಚ್ಚೇ ಇದೆ. ಹಾನಗಲ್ಲಿನ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸುವುದು ನನ್ನ ಕೆಲಸ. ದಿನಕ್ಕೆ ಹತ್ತಾರು ಸಹಿ ಹಾಕುತ್ತೇನೆ. ಒಂದನ್ನಾದರೂ ಪೂರ್ತಿ ಓದಿ ಹಾಕಿದೆನೆಂಬ ಅಪವಾದ ಈವರೆಗೆ ನನ್ನ ಮೇಲೆ ಬಂದಿಲ್ಲ. ಕೈಗೆ ಇಷ್ಟು ಬಿಡುವಿರುವವನಿಗೆ ಬಾಯಿಗೆ ಕೆಲಸ ಹೆಚ್ಚು. ಹೋದ ವರ್ಷ ಪಂಚಮಿ ಹಬ್ಬದ ದಿನ ಆ ಬಾಯಿಯಿಂದ ಯುದ್ಧವಿಮಾನಗಳ ಬಗ್ಗೆ ಒಂದು ವಾದ ಹೂಡಿದೆ. ಕೊನೆಗೆ ವಾದದಲ್ಲಿ ಗೆದ್ದೆ ಕೂಡ. ಹೇಗೆ ಗೆದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳಬೇಕಾದದ್ದನ್ನು ಹೇಳದೆ ಒಂದು ವರ್ಷ ಇದ್ದು ನೋಡಿದೆ, ಅದು ಇನ್ನೂ ಕಷ್ಟ.

ನನ್ನ ಎದುರಾಳಿ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ ಚನ್ನಬಸಪ್ಪ ಮಾಮಾ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಯುದ್ಧವಿಮಾನ ರಿಪೇರಿ ಮಾಡಿ, ನಿವೃತ್ತರಾಗಿ ತಿಳವಳ್ಳಿಗೆ ಬಂದು ಗೋವಿನಜೋಳ ಬೆಳೆಯುತ್ತಿರುವವರು. ವಿಮಾನ ಹಾರಿಸಿದವರಲ್ಲ, ಹಾರುವಂತೆ ಮಾಡಿದವರು. ಅವರ ಕಸುಬಿನಲ್ಲಿ ಒಂದು ನಿಯಮವಿತ್ತಂತೆ. ಕೆಲಸ ಮುಗಿದ ಮೇಲೆ ಪಾನಾ, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲವನ್ನೂ ಎಣಿಸಬೇಕು. ಒಂದು ಕಡಿಮೆಯಾದರೂ ವಿಮಾನ ಏಳುವಂತಿಲ್ಲ, ಯಾಕೆಂದರೆ ಮರೆತ ಪಾನಾ ಇಂಜಿನ್ನಿನೊಳಗೆ ಉಳಿದಿದ್ದರೆ ಒಳಗೆ ಕುಳಿತವನು ತಿರುಗಿ ಬರುವುದಿಲ್ಲ. ಎಣಿಸಿ, ಸರಿ ಇದೆ ಎಂದು ಇವರು ಸಹಿ ಹಾಕಿದ ಮೇಲೆಯೇ ಆತ ಏಣಿ ಹತ್ತುವುದು. ಈ ಚಟವನ್ನು ಮಾಮಾ ಊರಿಗೂ ತಂದರು. ತಿಳವಳ್ಳಿಯ ಪಡಸಾಲೆಯಲ್ಲಿ ಒಂದು ಹಲಗೆ ಇದೆ. ಅದರ ಮೇಲೆ ಪ್ರತಿ ಸಾಮಾನಿನ ಆಕಾರವನ್ನು ನೀಲಿ ಬಣ್ಣದಿಂದ ಬರೆದು, ಆಯಾ ಆಕಾರದ ಮೇಲೆ ಆಯಾ ಸಾಮಾನು ತೂಗುಹಾಕಿದ್ದಾರೆ. ಯಾವುದಿಲ್ಲ ಎಂಬುದು ದೂರದಿಂದಲೇ ತಿಳಿಯುತ್ತದೆ. ಅಷ್ಟಕ್ಕೆ ಬಿಡದೆ ಅಕ್ಕನ ಅಡುಗೆಮನೆಯ ಗೋಡೆಯ ಮೇಲೂ ಸೌಟು, ಲಟ್ಟಣಿಗೆ, ಸಾಣಿಗೆಗಳ ಆಕಾರ ಬರೆದುಬಿಟ್ಟರು. "ಇವರ ಕಾಲಾಗ ಒಂದ ಸೌಟು ಕಳದಿಲ್ಲ ತಮ್ಮಾ, ನನ್ನ ತಲಿ ಅಷ್ಟ ಕೆಟ್ಟೈತಿ" ಎಂದು ಅಕ್ಕ ನಗುತ್ತಾಳೆ.

ಮಾಮಾ ನಮ್ಮ ಮನೆಗೆ ಬಂದರೆ ಬರಿಗೈಯಲ್ಲಿ ಬರುವವರಲ್ಲ. ಆ ಹಲಗೆಯಿಂದ ಇಳಿಸಿದ ಹದಿನಾಲ್ಕು ಸಾಮಾನಿನ ಒಂದು ಬಟ್ಟೆಯ ಸುರುಳಿ ಕಂಕುಳಲ್ಲಿ ಇರುತ್ತಿತ್ತು. ಹೋದ ಪಂಚಮಿಗೆ ಅಕ್ಕನ ಜೊತೆ ಬಂದವರು ಚಹಾ ಕುಡಿದ ಮೇಲೆ, ಕೂಗುತ್ತಿದ್ದ ಮಿಕ್ಸರ್ ಬಿಚ್ಚಿದರು, ನೀರೆತ್ತುವ ಮೋಟರ್ ಬಿಚ್ಚಿದರು, ತಿರುಗಲು ಬೇಸರಪಡುತ್ತಿದ್ದ ಫ್ಯಾನನ್ನೂ ಕೆಳಗಿಳಿಸಿದರು. ನಾನು ಹಬ್ಬದ ಜುಬ್ಬಾ ಹಾಕಿಕೊಂಡು ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತಿದ್ದೆ. ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು ಮಾತಾಡುವುದು ನನಗೆ ಕಚೇರಿಯಿಂದ ಬಂದ ಅಭ್ಯಾಸ. ಟೀವಿಯಲ್ಲಿ ಹೊಸ ಯುದ್ಧವಿಮಾನಗಳ ಖರೀದಿಯ ಸುದ್ದಿ ಬರುತ್ತಿತ್ತು, ಸಾವಿರ ಕೋಟಿಗಳಲ್ಲಿ ಮಾತು. ನನ್ನ ಕನ್ನಡಕದ ಕಾಲು ಅಲ್ಲಾಡುತ್ತಿತ್ತು. ಬಟ್ಟೆಯ ಸುರುಳಿಯಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದನ್ನು ಬಿಗಿ ಮಾಡುತ್ತಾ ಶುರು ಮಾಡಿದೆ.

"ಮಾಮಾ, ಒಂದು ವಿಮಾನದ ರೊಕ್ಕದಾಗ ನಮ್ಮ ತಾಲ್ಲೂಕಿನ ಎಲ್ಲಾ ಸಾಲಿ ಹುಡುಗರ ತಲಿ ಮ್ಯಾಲ ಹೊಸಾ ಮಾಳಗಿ ಬರತಾವ್ರಿ. ಆ ವಿಮಾನನೂ ಹೇಳಿದ ಕಾಲಕ್ಕ ಬರೂದಿಲ್ಲ. ಬರೂದರಾಗ ಹಳೇದಾಗಿರತೈತಿ. ಕೊಂಡು ಏನ್ ಮಾಡತಾರ? ನಿಲ್ಲಿಸಿ ಒರಸತಾರ."

ಮಾಮಾ ಮೋಟರಿನಿಂದ ತಲೆ ಎತ್ತಲಿಲ್ಲ. "ಬಾಗಲಕ್ಕ ಚಿಲಕ ಹಾಕೂದು ಕಳ್ಳ ಬಂದ ಮ್ಯಾಲೇನು? ಚಿಲಕ ಐತಿ ಅಂತನ ಬರೂದಿಲ್ಲ ಅವ."

"ನಿಮ್ಮ ಚಿಲಕದ ಕಿಮ್ಮತ್ತು ಮನಿಗಿಂತ ಜಾಸ್ತಿ ಆತಲ್ರಿ!" ಎಂದೆ. ನನ್ನ ಮಾತನ್ನು ನಾನೇ ಮೆಚ್ಚಿಕೊಂಡೆ. ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತು ನಕ್ಕಳು. ಅವಳು ನನ್ನ ಮಾತಿಗೆ ನಗುವುದು ಅಪರೂಪ, ಹಾಗಾಗಿ ನನಗೆ ಇನ್ನಷ್ಟು ಹುರುಪು ಬಂತು.

ಮಾಮಾ ಮೋಟರಿನ ಒಂದು ತಿರುಪು ಬಿಗಿ ಮಾಡಿ, "ಆ ಚಿಲಕದೊಳಗ ಒಬ್ಬ ಮನಷ್ಯಾ ಕುಂತಿರತಾನ ತಮ್ಮಾ" ಎಂದರು. ಉತ್ತರ ಹೊಳೆಯದಿದ್ದಾಗ ದನಿ ಏರಿಸುವುದು ನನ್ನ ರೂಢಿ. ಏರಿಸಿದೆ. ಕೈ ಬೀಸಿ ಬೀಸಿ ಆಸ್ಪತ್ರೆ, ರಸ್ತೆ, ಬಸ್ಸು, ಎಲ್ಲವನ್ನೂ ವಿಮಾನದ ಎದುರು ತಂದು ನಿಲ್ಲಿಸಿದೆ.

ಕೆಲಸ ಮುಗಿಯಿತು. ಒಳಗೆ ಕಡುಬಿಗೆ ಹೂರಣ ರುಬ್ಬಲು ಬೇಳೆ ಬೆಂದು ಕಾಯುತ್ತಿತ್ತು. ಮಾಮಾ ಸುರುಳಿ ಬಿಡಿಸಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. "ಹದಿಮೂರ ಅದಾವು. ಒಂದು ಕಡಿಮಿ ಐತಿ. ಯಾರೂ ಏನೂ ಚಾಲೂ ಮಾಡಬ್ಯಾಡ್ರಿ."

ಅಲ್ಲಿಂದ ಹಬ್ಬ ನಿಂತುಹೋಯಿತು. ಮಾಮಾ ಮಿಕ್ಸರ್ ಮತ್ತೆ ಬಿಚ್ಚಿದರು, ಮೋಟರ್ ಮತ್ತೆ ಬಿಚ್ಚಿದರು, ಫ್ಯಾನ್ ಮತ್ತೆ ಇಳಿಸಿದರು. ಎಲ್ಲಿಯೂ ಇಲ್ಲ. ತೊಟ್ಟಿಯಲ್ಲಿ ನೀರಿಲ್ಲ, ಮೇಲೆ ಗಾಳಿಯಿಲ್ಲ, ಬೇಳೆ ಆರಿ ಗಟ್ಟಿಯಾಯಿತು. ಊಟಕ್ಕೆ ಕರೆದಿದ್ದ ನನ್ನ ಕಚೇರಿಯ ಇಬ್ಬರು ಗೆಳೆಯರು ಶೇಂಗಾದ ಉಂಡಿ ತಿನ್ನುತ್ತಾ ಗಡಿಯಾರ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅವರೆಲ್ಲರ ಎದುರು ಅಂದುಬಿಟ್ಟೆ: "ಮಾಮಾ, ಒಂದ ಸ್ಕ್ರೂಡ್ರೈವರ್ ಸಲುವಾಗಿ ಇಷ್ಟು ಮಂದಿನ್ನ ಉಪಾಸ ಕೆಡವಿದ್ರಿ. ಇಂಥಾ ಎಣಿಕಿ ಮಾಡಿದ್ದಕ್ಕ ನಿಮಗ ಪಿಂಚಣಿ ಕೊಡತಾರಲ್ಲ, ವಿಮಾನಕ್ಕಿಂತ ಅದ ದೊಡ್ಡ ದಂಡ."

"ತಮ್ಮಾ, ಬಾಯಿ ಮುಚ್ಚು" ಎಂದಳು ಅಕ್ಕ. ಮಾಮಾ ಬಿಚ್ಚಿದ್ದನ್ನೆಲ್ಲ ಜೋಡಿಸಿಟ್ಟರು. ಹದಿಮೂರು ಸಾಮಾನನ್ನು ಸುರುಳಿ ಸುತ್ತಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಬಿಟ್ಟರು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು ಜೋಕಾಲಿ ಸಹ ಆಡದೆ ಅವರ ಹಿಂದೆ ನಡೆದಳು. ಅವಳ ಕೈಗೆ ಉಂಡಿಯ ಡಬ್ಬಿ ಕೊಡುವುದೂ ನಮಗೆ ಮರೆತಿತ್ತು.

ಅವರು ಹೋದ ಸ್ವಲ್ಪ ಹೊತ್ತಿಗೆ ಜುಬ್ಬಾ ಬಿಚ್ಚಿ ಗೂಟಕ್ಕೆ ಹಾಕಿದೆ. ಕಿಸೆಯಿಂದ ಏನೋ ಟಣ್ಣೆಂದು ಬಿತ್ತು. ಬೆರಳುದ್ದದ ಸ್ಕ್ರೂಡ್ರೈವರ್.

ಓದುಗರೇ, ನೀವಾಗಿದ್ದರೆ ತಕ್ಷಣ ಫೋನ್ ಮಾಡುತ್ತಿದ್ದಿರಿ. ನಾನು ಅದನ್ನು ಮರುದಿನ ಕಚೇರಿಗೆ ಒಯ್ದು ಡ್ರಾಯರಿನಲ್ಲಿ, ಯಾರೂ ತೆಗೆಯದ ಒಂದು ಕಡತದ ಕೆಳಗೆ ಇಟ್ಟೆ. ಅಷ್ಟು ಜನರ ಎದುರು ಅಷ್ಟು ಮಾತಾಡಿದವನು ಈಗ "ನನ್ನ ಕಿಸೆಯಲ್ಲೇ ಇತ್ತು" ಎನ್ನುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡೆ. ನಮ್ಮ ಕಚೇರಿಯಲ್ಲಿ ನಾಳೆ ಎಂದರೆ ಎಷ್ಟು ದಿನವೆಂದು ನಿಮಗೆ ಗೊತ್ತೇ ಇದೆ.

ಮಾಮಾ ಆ ವಾರ ಮೂರು ಸಲ ಫೋನ್ ಮಾಡಿದರು. "ಸಿಕ್ತೇನು?" "ಇಲ್ರಿ ಮಾಮಾ." "ಮೋಟರ್ ಚಾಲೂ ಮಾಡಿದಾಗ ಏನರ ಸಪ್ಪಳ ಬರತೈತೇನು?" "ಇಲ್ರಿ." "ಹುಡುಕಿ ನೋಡ್ರಿ ತಮ್ಮಾ, ಯಾರರ ಕೈಗೆ ಕಾಲಿಗೆ ಏನರ ಆದೀತು." ನಾನು ಆಡಿದ ಕೆಟ್ಟ ಮಾತಿನ ಬಗ್ಗೆ ಅವರು ಒಂದಕ್ಷರ ಎತ್ತಲಿಲ್ಲ. ಆಮೇಲೆ ಫೋನ್ ನಿಂತಿತು. ದೀಪಾವಳಿಗೆ ಬರಲಿಲ್ಲ, ಸಂಕ್ರಾಂತಿಗೆ ಬರಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆ. ಸಿಟ್ಟಾದವರನ್ನು ಸಮಾಧಾನ ಮಾಡುವುದು ಸುಲಭವಲ್ಲ ಎಂಬ ನೆವದಲ್ಲಿ ನಾನೂ ಸುಮ್ಮನಿದ್ದೆ. ಮಿಕ್ಸರ್ ಮತ್ತೆ ಕೂಗತೊಡಗಿತು. ಅದು ಕೂಗಿದಾಗಲೆಲ್ಲ ಹೆಂಡತಿ ನನ್ನ ಕಡೆ ನೋಡುತ್ತಿದ್ದಳು.

ಈ ವರ್ಷ ಪಂಚಮಿ ಹತ್ತಿರ ಬಂದಾಗ ಅವಳೇ ಅಂದಳು, "ಏನ್ರಿ, ನೀವ ಹೋಗಿ ಅಕ್ಕಾರನ್ನ ಕರಕೊಂಡ ಬರ್ರಿ. ಕರಿಯಾಕ ಬರಲಾರದ ಅಣ್ಣತಮ್ಮರಿದ್ರ ಹೆಣ್ಣಮಕ್ಕಳು ಯಾವ ಮಾರಿ ಹೊತ್ತ ತವರಿಗೆ ಬರಬೇಕು?" ಮರುದಿನ ಕಚೇರಿಯಿಂದ ಹಾಗೆಯೇ ಹೊರಟೆ. ಹೊರಡುವಾಗ ಆ ಕಡತದ ಕೆಳಗಿನಿಂದ ಸ್ಕ್ರೂಡ್ರೈವರ್ ತೆಗೆದು ಕಿಸೆಗೆ ಹಾಕಿಕೊಂಡೆ.

ತಿಳವಳ್ಳಿಯಲ್ಲಿ ಇಳಿದು ಮನೆಗೆ ಹೋದರೆ ಮಾಮಾ ಹಿತ್ತಲಲ್ಲಿದ್ದರು, ಅಕ್ಕ ಒಳಗೆ ಚಹಾಕ್ಕಿಟ್ಟಳು. ಪಡಸಾಲೆಯ ಹಲಗೆಯ ಮೇಲೆ ಧೂಳು ಕೂತಿತ್ತು. ಒಂದು ಸಣ್ಣ ನೀಲಿ ಆಕಾರ ಮಾತ್ರ ಖಾಲಿ. ನನಗೆ ಎಂಥ ಬುದ್ಧಿ ಬಂತೋ! ಅತ್ತಿತ್ತ ನೋಡಿ ಸ್ಕ್ರೂಡ್ರೈವರನ್ನು ಅದರ ಜಾಗದಲ್ಲಿ ತೂಗುಹಾಕಿ, ಏನೂ ಅರಿಯದವನಂತೆ ಬಂದು ಕುಳಿತೆ. ಯಾರಿಗೂ ನೋವಿಲ್ಲದೆ ಕೆಲಸ ಮುಗಿಯಿತೆಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಅಕ್ಕ ಚಹಾ ಕೊಡುತ್ತಾ ಮೆಲ್ಲಗೆ ಹೇಳಿದಳು, "ಅವರು ಒಂದ ವರ್ಷ ಆತು ಸಾಮಾನ ಮುಟ್ಟಿಲ್ಲ ತಮ್ಮಾ. ಊರ ಮಂದಿ ಮೋಟರ್ ತಂದ್ರ ಹೊಳ್ಳಿ ಕಳಸತಾರ. ಎಣಿಕಿ ತಪ್ಪಿದ ಕೈಯಾಗ ಯಂತ್ರ ಕೊಡಬಾರದು ಅಂತಾರ."

ಚಹಾದ ಕಪ್ಪು ಕೆಳಗಿಟ್ಟೆ. ಸಿಟ್ಟಾಗಿದ್ದಾರೆಂದು ತಿಳಿದಿದ್ದೆನಲ್ಲ, ಅವರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಅಷ್ಟರಲ್ಲಿ ಮಾಮಾ ಒಳಗೆ ಬಂದರು. "ಬಾ ತಮ್ಮಾ, ಯಾವಾಗ ಬಂದಿ?" ಎಂದು ಕೇಳುತ್ತಲೇ ಅವರ ಕಣ್ಣು ಹಲಗೆಯ ಮೇಲೆ ಹೋಯಿತು. ಹತ್ತಿರ ಹೋದರು. ಬೆರಳಿನಿಂದ ಮುಟ್ಟಿ ನೋಡಿದರು. ಬಂದು ಕಟ್ಟೆಯ ಮೇಲೆ ಕುಳಿತರು.

"ಇಲ್ಲೇ ಐತಿ" ಎಂದರು. "ಒಂದ ವರ್ಷ ದಿನಾ ಈ ಹಲಗಿ ನೋಡೇನಿ. ಅವತ್ತ ಒಯ್ದದ್ದ ಹದಿಮೂರ. ಇಲ್ಲೇ ಇತ್ತು, ನನಗ ಕಂಡಿಲ್ಲ." ತಮ್ಮ ಅಂಗೈ ನೋಡಿಕೊಂಡು, "ಇಪ್ಪತ್ತ ವರ್ಷ ಹಿಂಗ ಎಷ್ಟು ಸಲ ಸಹಿ ಹಾಕೇನೋ ಏನೋ. ಆ ಹುಡುಗರು ನನ್ನ ಸಹಿ ನಂಬಿ ಹತ್ತತಿದ್ರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಅಂದದ್ದ ಖರೆ ತಮ್ಮಾ. ಅಷ್ಟು ತುಟ್ಟಿ ವಿಮಾನ ನನ್ನಂಥಾವನ ಕೈಯಾಗ ಕೊಟ್ಟದ್ದ ದಂಡ."

ವಾದ ಗೆದ್ದದ್ದು ಹೀಗೆ. ಜೀವಮಾನದಲ್ಲಿ ಯಾರೂ ನನ್ನೆದುರು ಇಷ್ಟು ಪೂರ್ತಿಯಾಗಿ ಸೋಲೊಪ್ಪಿಕೊಂಡಿರಲಿಲ್ಲ.

"ಮಾಮಾ, ಅದು ನನ್ನ ಕಿಸೇದಾಗಿತ್ರಿ" ಎಂದೆ. "ಅವತ್ತ ಸಂಜೀಕನ ಸಿಕ್ಕಿತ್ತು. ನಾಚಿಗಿ ಆಗಿ ಹೇಳಲಿಲ್ಲ. ಈಗ ನಾನ ತೂಗಹಾಕೇನಿ."

ಅಕ್ಕನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಮಾಮಾ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು.

"ಹಂಗಾರ ನನ್ನ ಎಣಿಕಿ ಸರಿ ಇತ್ತು" ಎಂದರು. ಅಷ್ಟೇ. ಮತ್ತೆ ಅದನ್ನೇ ಇನ್ನೊಮ್ಮೆ ಅಕ್ಕನಿಗೆ ಹೇಳಿದರು, "ಎಣಿಕಿ ಸರಿ ಇತ್ತು ನೋಡು."

ಸ್ಕ್ರೂಡ್ರೈವರ್ ತಿರುಗಿ ಕೊಟ್ಟೆ. ಆ ಒಂದು ವರ್ಷವನ್ನು ಎಲ್ಲಿಂದ ತಂದು ಕೊಡಲಿ? ಎಂದೋ ಹಾರಿ ಎಂದೋ ಇಳಿದ ವಿಮಾನಗಳನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಇಳಿಸಿಕೊಂಡು, ಒಂದೊಂದನ್ನೂ ಬಿಚ್ಚಿ ನೋಡುತ್ತಾ ಅವರು ಕಳೆದ ವರ್ಷ ಅದು. ಏನಾದರೂ ಮಾತಾಡಬೇಕಲ್ಲ ಎಂದು, "ಹಂಗಾರ ವಿಮಾನ ದಂಡ ಅಲ್ಲ ಅಂತೀರೇನ್ರಿ?" ಎಂದು ಕೇಳಿದೆ. ನನ್ನ ಬಾಯಿಯ ಬಗ್ಗೆ ಮೊದಲೇ ಹೇಳಿದ್ದೇನೆ.

"ತುಟ್ಟಿ ಐತಿ, ಭಾಳ ತುಟ್ಟಿ" ಎಂದರು ಮಾಮಾ. "ಅಷ್ಟು ರೊಕ್ಕ ಹಾಕಬೇಕೋ ಬ್ಯಾಡೋ, ನನಗ ತಿಳಿಯೂದಿಲ್ಲ, ನಿನಗೂ ತಿಳಿಯೂದಿಲ್ಲ. ಆದ್ರ ಕೊಂಡ ಮ್ಯಾಲ, ಒಳಗ ಕುಂತಾವ ಹೊಳ್ಳಿ ಮನಿಗೆ ಬರಬೇಕು. ನನ್ನ ಪಗಾರ ಅದಕ್ಕಿತ್ತು."

ಅಕ್ಕ ಸೀರೆ ಬದಲಿಸಿ ಚೀಲ ಹಿಡಿದು ಬಂದಳು. ಹಬ್ಬದ ದಿನ ತಾವೂ ಬರುವುದಾಗಿ, ಮಿಕ್ಸರ್ ನೋಡುವುದಾಗಿ ಮಾಮಾ ಹೇಳಿದರು. ನಾನು ಹಗುರಾಗಿ ಎದ್ದೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ಕಿಸೆ ತೋರಸು."

"ಏನ್ರಿ ಮಾಮಾ, ಚಾಷ್ಟಿ ಮಾಡತೀರಿ."

"ಎಣಿಕಿ ಅಂದ ಮ್ಯಾಲ ಎಣಿಕಿ. ತೋರಸು."

ಎರಡೂ ಕಿಸೆ ಹೊರಗೆ ಎಳೆದು ತೋರಿಸಿದೆ. ಬಸ್ಸಿನ ಟಿಕೀಟು, ಎರಡು ಅಡಿಕೆ ಚೂರು, ಒಂದು ಪೆನ್ನು ಬಂದವು. ಕಚೇರಿಗೆ ಬಂದ ಜನ ಸಹಿ ಮಾಡಲೆಂದು ಮೇಜಿಗೆ ಕಟ್ಟಿಟ್ಟಿದ್ದ ಪೆನ್ನು ಅದು. ಹರಿದ ದಾರ ಇನ್ನೂ ಗೇಣುದ್ದ ಜೋತಾಡುತ್ತಿತ್ತು. ಮಾಮಾ ದಾರ ಹಿಡಿದು ಪೆನ್ನನ್ನು ಎತ್ತಿದರು.

"ಇದು ಯಾರ ಎಣಿಕಿಯೊಳಗಿಂದು ತಮ್ಮಾ?"

ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡಳು. ನಾನು ನೆಲ ನೋಡುತ್ತಾ ಹೇಳಿದೆ:

"ಸರ್ಕಾರದ್ದರಿ."