ಮುದುಕಮ್ಮನ ಡಚ್ಚು

ಹೊಸಪೇಟೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದ ಮುರುಗೇಶನಿಗೆ ಬೆಳಿಗ್ಗೆ ಒಂಬತ್ತಕ್ಕೇ ಡಚ್ ಭಾಷೆ ಗಂಟುಬಿತ್ತು.

"ನೆದರ್‌ಲ್ಯಾಂಡ್ಸ್‌ನಿಂದ ಮೂರು ಮಂದಿ ಸಮಾಜಶಾಸ್ತ್ರಜ್ಞರು ಸಂಜೀಕ ಬರ್ತಾರ," ಅಂದರು ಪ್ರಿನ್ಸಿಪಾಲ್ ಕಮಲಾಕರ. "ನೆರೆಹೊರೆ ಬಗ್ಗೆ ನೀವು ಇಂಗ್ಲಿಷ್‌ನ್ಯಾಗ ಪ್ರಬಂಧ ಓದ್ರಿ. ಅದನ್ನ ಡಚ್ಚಿನ್ಯಾಗ ಹೇಳೋರನ್ನ ಹುಡುಕಿ ತರ್ರಿ. ತಂದ್ರ ಮುಂದಿನ ವರ್ಷಾನೂ ನೀವ. ಇಲ್ಲಂದ್ರ ನೋಡೋಣು."

ಹೋದ ವರ್ಷ 'ನೋಡೋಣು' ಅನ್ನಿಸಿಕೊಂಡ ಇತಿಹಾಸದ ಉಪನ್ಯಾಸಕ ಈಗ ಮೊಬೈಲ್ ಕವರ್ ಮಾರುತ್ತಿದ್ದಾನೆ. ಮುರುಗೇಶ ಬೈಕ್ ಹತ್ತಿದ.

ಗೊತ್ತಿಲ್ಲ ಅನ್ನುವ ಕೆಟ್ಟ ಚಾಳಿ ನಮ್ಮ ಕಡೆ ಯಾರಿಗೂ ಇಲ್ಲ. "ಸಂಡೂರಾಗ ನಮ್ಮ ಮಾವ ಅದಾನ್ರಿ ಸರ್, ಮೈನ್ಸ್‌ನ್ಯಾಗ. ಅವನಿಗೆ ಎಲ್ಲಾ ಭಾಷಾ ಬರ್ತಾವ," ಅಂದ ಅಟೆಂಡರ್ ಗುಡ್ಡಪ್ಪ. ಕೆಂಪು ಧೂಳಿನಲ್ಲಿ ಮಿಂದು ಸಂಡೂರು ಮುಟ್ಟಿದರೆ, ಮಾವನಿಗೆ ಬರುತ್ತಿದ್ದದ್ದು ತೆಲುಗು, ಉರ್ದು ಮತ್ತು ಧಾರಾಳವಾಗಿ ಬೈಗುಳ. ಅವನು ಕಂಪ್ಲಿಯ ಜಂಬಪ್ಪನ ರೈಸ್‌ಮಿಲ್ಲಿಗೆ ಅಟ್ಟಿದ. ಅಲ್ಲಿ ಡಚ್ ಆಗಿದ್ದದ್ದು ಒಂದು ಮಷೀನು.

"ಇದು ಮಾತಾಡಂಗಿಲ್ಲರಿ," ಅಂದ ಜಂಬಪ್ಪ, ಮರುಕದಿಂದ. "ಹಂಪ್ಯಾಗ ಗೆಸ್ಟ್‌ಹೌಸ್ ಇಟ್ಟಾಳಲ್ಲ ಮುದುಕಮ್ಮ, ಆಕೀನ್ನ ಕೇಳ್ರಿ. ಒಬ್ಬಾಕಿ ಡಚ್ ಅಜ್ಜಿ ಹನ್ನೊಂದು ವರ್ಷ ಚಳಿಗಾಲದಾಗ ಆಕಿ ಅಡಿಗಿಮನ್ಯಾಗ ಕುಂತು ಹರಟ್ಯಾಳ."

ಮೂರು ಗಂಟೆಗೆ ಮುರುಗೇಶ ಹಂಪಿಯಲ್ಲಿದ್ದ. "ಅವ್ವಾ, ಡಚ್ ಬರ್ತೈತೇನು?"

ಮುದುಕಮ್ಮ ಪಟಪಟ ಏನೋ ಅಂದಳು. ಮುರುಗೇಶ ಮೊಬೈಲ್ ಹಿಡಿದು ಇನ್ನೊಮ್ಮೆ ಹೇಳಿಸಿದ. ಅದು ಡಚ್ಚೇ ಎಂದು ಗುರುತಿಸಿ, ಅನುವಾದಿಸಿ ತೋರಿಸಿತು: 'ಚಪ್ಪಲಿ ಹೊರಗೆ ಬಿಟ್ಟು ಬಾ.'

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. "ನೆರೆಹೊರೆ ಬಗ್ಗೆ ಡಚ್ಚಿನ್ಯಾಗ ಹೇಳಬೇಕವ್ವಾ," ಅಂದು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಾರಿದ.

ಸಭೆಯಲ್ಲಿ ಅವನು ಎರಡು ಸಾಲು ಓದಿದರೆ ಮುದುಕಮ್ಮ ಹತ್ತು ನಿಮಿಷ ಹೇಳಿದಳು. ಅತಿಥಿಗಳು ಹೊಟ್ಟೆ ಹಿಡಿದು ನಕ್ಕರು, ಕಣ್ಣೊರೆಸಿಕೊಂಡರು, ಪುಟಗಟ್ಟಲೆ ಬರೆದುಕೊಂಡರು. ತನ್ನ ಪ್ರಬಂಧದಲ್ಲಿ ಇಷ್ಟೆಲ್ಲಾ ಇದೆಯೆಂದು ಮುರುಗೇಶನಿಗೇ ಗೊತ್ತಿರಲಿಲ್ಲ. ಅವನ ಎದೆ ಉಬ್ಬಿತು.

ಕೊನೆಗೆ ಹಿರಿಯ ಅತಿಥಿ ಎದ್ದು, ಮುರುಗೇಶನದಕ್ಕಿಂತ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದರು: ತಮಗೆಲ್ಲ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಪ್ರಬಂಧದ ಒಂದು ಮಾತನ್ನೂ ಈ ತಾಯಿ ಅನುವಾದಿಸಲಿಲ್ಲ. ತನ್ನ ಓಣಿಯ ನಲ್ಲಿ ಜಗಳ, ಬಾಣಂತನ, ಮುನಿಸು, ರಾಜಿ ಎಲ್ಲಾ ಹೇಳಿದಳು. ತಾವು ಇಷ್ಟು ದೂರ ಬಂದದ್ದೇ ಅದಕ್ಕೆ.

ಮುರುಗೇಶ ಕಕ್ಕಾಬಿಕ್ಕಿಯಾದ. "ಅವ್ವಾ, ನಾ ಓದಿದ್ದು?"

"ನನಗ ಇಂಗ್ಲಿಷ್ ಎಲ್ಲಿ ಬರ್ತೈತೋ ಯಪ್ಪಾ? ನೀ ಕೇಳಿದ್ದು ಡಚ್ ಅಷ್ಟ!"

ಕಮಲಾಕರ ಚಪ್ಪಾಳೆ ತಟ್ಟಿ ವೇದಿಕೆಯಲ್ಲೇ ಸಾರಿದರು: "ಮುಂದಿನ ವರ್ಷ ಸಮಾಜಶಾಸ್ತ್ರದ ಪಾಠಕ್ಕ ಈ ಅವ್ವಾರ!"

ಮುರುಗೇಶ ಪ್ರಬಂಧದ ಹಾಳೆಗಳಲ್ಲಿ ಮುಖ ಮುಚ್ಚಿಕೊಂಡ. ಮುದುಕಮ್ಮ ಹತ್ತಿರ ಬಂದು ಅವನ ಬೆನ್ನು ಸವರಿದಳು.

"ಅಳಬ್ಯಾಡೋ. ನಾ ಇಲ್ಲಿಗೆ ಬಂದ್ರ ಗೆಸ್ಟ್‌ಹೌಸ್‌ನ್ಯಾಗ ಒಬ್ರು ಬೇಕಲ್ಲ? ನಿನಗ ದ್ವಾಸಿ ಹಾಕಾಕ ಬರ್ತೈತೇನು?"