ಹಿತ್ತಲ ದಾರಿಯಲ್ಲಿ ಬಂದ ಪೇಪರು

೧. ಬೆನ್ನು

“ಚಾವಡಿ ಯಾವ ಕಡೆ ತಾಯಿ?”

ಹನಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಅದೇ ಹುಣಸೇಮರ ಮತ್ತೆ ಎದುರಾದಾಗ, ಕೊಡ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ಹೀಗೆ ಕೇಳಿದೆ. ಬೊಂಬಾಯಿ, ಕಲ್ಕತ್ತೆ, ಕೊಲಂಬೊ ಎಲ್ಲ ಒಬ್ಬಳೇ ಸುತ್ತಿದವಳು ನಾನು. ಎಲ್ಲೂ ದಾರಿ ತಪ್ಪಲಿಲ್ಲ. ಸ್ತ್ರೀ ಸ್ವಾತಂತ್ರ್ಯದ ಮೇಲೆ ಭಾಷಣ ಮಾಡುತ್ತ ನಮ್ಮದೇ ಸೀಮೆ ತಿರುಗತೊಡಗಿದ ಮೇಲೆ ಮಾತ್ರ ಇಂಥದ್ದೊಂದು ಆಗದ ವಾರವಿಲ್ಲ.

ಮೊದಲು ಸಿಕ್ಕ ಗಂಡಸು, “ಹೆಂಡದಂಗಡಿ ದಾಟಿ ಅರಳೀಕಟ್ಟೆ ಬಳಸಿ ಹೋಗಿ” ಅಂದಿದ್ದ. ಇವಳು, “ಬಾವಿತಾವ ಹೋಗಿ, ಸೂಲಗಿತ್ತಿ ಹಿತ್ಲು ನುಗ್ರವ್ವ. ಚಾವಡಿ ಬೆನ್ನು ಕಾಣ್ತದೆ” ಅಂದಳು.

“ಮುಂಭಾಗ?”

“ಅದು ನಂಗೇನು ಗೊತ್ತವ್ವ? ಮದ್ವೆಯಾಗಿ ಬಂದಾಗಿಂದ ಬೆನ್ನೇ ನೋಡಿರೋದು. ಗಂಡಸ್ರು ಕೂತಿರೋ ಕಡೆ ನಾವು ಹಾಯ್ತೀವಾ?”

ಆ ಊರಿಗೆ ಗಂಡಸರ ದಾರಿ ಒಂದು, ಹೆಂಗಸರ ದಾರಿ ಒಂದು. ನಾನು ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ನಡೆದು ಹುಣಸೇಮರ ಸುತ್ತುತ್ತಿದ್ದೆ.

ಕೊನೆಗೆ ಅವಳೇ ಕೊಡ ಇಳಿಸಿ ಕರೆದುಕೊಂಡು ಹೋದಳು. “ನಿಮ್ಮ ಋಣ ಹೇಗೆ ತೀರಿಸಲಿ?” ಎಂದೆ, ಬಾಯುಪಚಾರಕ್ಕೆ. ಅವಳು ನಿಂತುಬಿಟ್ಟಳು.

“ಪೇಪರ್ ಓದಕ್ಕೆ ಬತ್ತದಾ? ನನ್ ಮಗ ಯುದ್ಧಕ್ಕೆ ಹೋಗವ್ನೆ ಕಣವ್ವ. ಎಲ್ಲೋ ಮರಳುಗಾಡಂತೆ. ಚಾವಡೀಲಿ ಶಾನುಭೋಗ್ರು ಪೇಪರ್ ಓದ್ತಾರೆ. ನಮ್ಮನೆಯೋರು ಗಂಟೆಗಟ್ಲೆ ಕೇಳ್ಕೊಂಡು ಬತ್ತಾರೆ. ಏನಂತೆ ಅಂದ್ರೆ, ‘ಯುದ್ಧ ನಡೀತಾ ಅದೆ’ ಅಂದು ಮುದ್ದೆ ಮುರೀತಾರೆ.”

“ಮುಂದಿನ ಸಲ ನಾನೇ ತಂದು ಓದ್ತೀನಿ” ಎಂದೆ.

ಅವಳು ಕರುಣೆಯಿಂದ ನೋಡಿದಳು. “ಆಗ್ದೆ ಇದ್ರೂ ಪರ್ವಾಗಿಲ್ಲ ಬುಡ್ರವ್ವ. ಭಾಷಣ ಮಾಡೋರಲ್ವಾ.”

೨. ಅಧ್ಯಕ್ಷರ ಉತ್ಸಾಹ

ಮುಂದಿನ ಸಭೆ ಪಿರಿಯಾಪಟ್ಟಣದಲ್ಲಿ. ಅಧ್ಯಕ್ಷರು ಹೊಗೆಸೊಪ್ಪಿನ ಸಾಹುಕಾರರು. “ಸ್ತ್ರೀಯರು ಲೋಕದ ವಿದ್ಯಮಾನ ತಿಳಿಯಬೇಕು! ಸಭೆಗಳಲ್ಲಿ ಧೈರ್ಯವಾಗಿ ಮಾತಾಡಬೇಕು!” ಎಂದು ಅವರು ಎಷ್ಟು ಹೊತ್ತು ಮಾತಾಡಿದರೆಂದರೆ, ನನ್ನ ಪಾಲಿಗೆ ಉಳಿದದ್ದು ವಂದನಾರ್ಪಣೆ.

ಊಟಕ್ಕೆ ಅವರ ಮನೆಗೇ ಹೋದೆ. ಮೇಜಿನ ಮೇಲೆ ಅಂದಿನ ಪೇಪರಿತ್ತು. ಮರಳುಗಾಡಿನ ಸುದ್ದಿ ಮೊದಲ ಪುಟದಲ್ಲೇ. “ಇದನ್ನು ಕೊಡ್ತೀರಾ? ಹಳ್ಳಿಯ ತಾಯೊಬ್ಬಳಿಗೆ ಓದಿ ಹೇಳಬೇಕು” ಎಂದೆ.

“ಹೆಂಗಸರಿಗೆ ಪೇಪರ್ ಯಾತಕ್ಕಮ್ಮ? ಸುಮ್ಮನೆ ಹೆದರಿಕೊಳ್ತಾರೆ.”

ಹೊರಡುವಾಗ ಅವರ ಹೆಂಡತಿ ಹಿತ್ತಲ ಬಾಗಿಲಿಗೆ ಕರೆದು, ಸೆರಗಿನೊಳಗಿಂದ ಪೇಪರ್ ತೆಗೆದು ನನ್ನ ಚೀಲಕ್ಕೆ ತುರುಕಿದರು. “ನಾನು ಬೆಳಗ್ಗೇನೇ ಓದಿ ಮುಗಿಸಿದೆ. ಯಜಮಾನರಿಗೆ ಮಾತ್ರ ಹೇಳಬೇಡ್ರೀ. ದಿನಾ ಸಾಯಂಕಾಲ ಕೂರಿಸಿಕೊಂಡು ನನಗೆ ಸುದ್ದಿಯೆಲ್ಲ ಅರ್ಥ ಮಾಡಿಸ್ತಾರೆ, ಪಾಪ.”

೩. ಒಲೆ

ಹುಣಸೂರಿಗೆ ಹೊರಟದ್ದು ಇದ್ದಿಲು ಬಸ್ಸು. ಯುದ್ಧದಿಂದ ಪೆಟ್ರೋಲಿಲ್ಲ; ಬಸ್ಸಿನ ಹಿಂಬದಿಗೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರಿಂದ ಏಳುವ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನನ್ನ ಪಕ್ಕದ ಸಾಲಿನಲ್ಲಿ ಪೇಟ ಸುತ್ತಿದ್ದ ಹಿರಿಯರೊಬ್ಬರು ದಾರಿಯುದ್ದಕ್ಕೂ, “ಹೆಣ್ಣಿನ ಜಾಗ ಒಲೆ ಮುಂದೆ ಕಣಮ್ಮ, ಬಸ್ಸಲ್ಲಲ್ಲ” ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ಏರಿನಲ್ಲಿ ಒಲೆ ಆರಿತು, ಬಸ್ಸು ನಿಂತಿತು.

ಡ್ರೈವರ್ ಊದಿದ, ಕಂಡಕ್ಟರ್ ಊದಿದ, ಪೇಟದವರೂ ಊದಿದರು. ಮೂವರ ಮುಖವೂ ಒಂದೇ ಬಣ್ಣಕ್ಕೆ ಬಂತು. ಡ್ರೈವರಿನ ಕಣ್ಣು ನನ್ನ ಚೀಲದ ಮೇಲೆ ಬಿತ್ತು. “ಆ ಪೇಪರ್ ಕೊಡೀಮ್ಮ, ಹಚ್ಚಿಬಿಡೋಣ.”

ನಾನು ಚೀಲ ತಬ್ಬಿಕೊಂಡೆ. ಹಿಂದಿನ ಸೀಟಿನ ಕೂಲಿ ಹೆಂಗಸರು ಸೆರಗು ಸಿಕ್ಕಿಸಿ ಇಳಿದರು. “ಸರೀರೋ ಆಚೆ! ಒಲೆ ಹಚ್ಚಕ್ಕೆ ಬರದೋರು ಬಸ್ ಓಡ್ಸಕ್ಕೆ ಬಂದವ್ರೆ!” ಬೂದಿ ಕೆದಕಿ, ಪುಳ್ಳೆ ಹೆಕ್ಕಿ, ಒಂದೇ ಕಡ್ಡಿಯಲ್ಲಿ ಹೊತ್ತಿಸಿದರು.

ಅಂದಿನಿಂದ ಹೆಣ್ಣಿನ ಜಾಗ ಒಲೆ ಮುಂದೆ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ. ಒಲೆಯನ್ನು ಬಸ್ಸಿಗೆ ಕಟ್ಟಿರಬೇಕು, ಅಷ್ಟೇ.

೪. ಒಗೆಯುವ ಕಲ್ಲಿನ ಬಳಿ

ಈ ಸಲ ಆ ಹಳ್ಳಿಯಲ್ಲಿ ದಾರಿ ತಪ್ಪಲಿಲ್ಲ; ಹಿತ್ತಲ ದಾರಿಯಲ್ಲೇ ಹೋದೆ. ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಆ ಕೊಡದ ಹೆಂಗಸು ಊರ ಹೆಂಗಸರ ಜೊತೆ ಬಟ್ಟೆ ಕುಕ್ಕುತ್ತಿದ್ದಳು. ಪೇಪರ್ ಕಂಡದ್ದೇ ಕೈ ನಿಂತಿತು.

“ಸುಮ್ಕಿರ್ರಮ್ಮೀ!” ಎಂದಳು. ಎಲ್ಲ ಕಲ್ಲುಗಳೂ ಸುಮ್ಮನಾದವು.

ಓದಿದೆ. ಮರಳುಗಾಡಿನಲ್ಲಿ ಶತ್ರು ಹಿಂದಕ್ಕೆ ಸರಿದಿದ್ದಾನೆ; ನಮ್ಮ ಕಡೆಯ ಪಡೆಗಳಿಗೆ ಕೆಲವು ದಿನ ವಿಶ್ರಾಂತಿ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಎಲ್ಲಿ ಬರೆದಿದೆ ಎಂದು ಕೇಳಿ, ಅಕ್ಷರ ಬಾರದ ಒದ್ದೆ ಬೆರಳಿನಿಂದ ಅದನ್ನು ಮುಟ್ಟಿದಳು.

“ಮಲಗವ್ನೆ ಅನ್ನಿ” ಎಂದಳು ಮೆಲ್ಲಗೆ. ಆಮೇಲೆ, “ಈ ಯುದ್ಧ ಎಬ್ಬಿಸಿದ ಜರ್ಮನಿಯೋನಿಗೆ ಎಂಡ್ರು ಅವ್ಳಾ?”

“ಇಲ್ಲ ಅಂತಾರೆ.”

“ಅದ್ಕೇ ಕಣ್ರವ್ವ. ‘ಸಾಕು, ಮನೆಗೆ ಬಾ’ ಅನ್ನೋರಿಲ್ಲ.”

ಅಷ್ಟರಲ್ಲಿ ಅವಳ ಗಂಡ ಎತ್ತು ತೊಳೆಯುವ ನೆಪದಲ್ಲಿ ನೀರಿಗಿಳಿದ. ಶಾನುಭೋಗರಿಗೆ ಜ್ವರ ಬಂದು ಚಾವಡಿಯಲ್ಲಿ ಪೇಪರ್ ಓದುವವರಿರಲಿಲ್ಲ. ತೊಳೆದ ಎತ್ತನ್ನೇ ತೊಳೆಯುತ್ತ ಹತ್ತಿರ ಹತ್ತಿರ ಬಂದ. ನಾನು ಪೇಪರ್ ಮಡಿಸಿ ಅವಳ ಕೈಗಿಟ್ಟೆ.

“ಲೇ, ಏನಂತೆ ಸುದ್ದಿ?” ಎಂದ.

ಅವಳು ಪೇಪರನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆ ಹಿಂಡುತ್ತ, ತಿರುಗಿಯೂ ನೋಡದೆ ಹೇಳಿದಳು:

“ಏನಿದ್ದದು? ಯುದ್ಧ ನಡೀತಾ ಅದೆ.”