ಹಗಲಲ್ಲಿ ಕಂಡ ನಕ್ಷತ್ರ

ಬಲಿಕೋವಾ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣ ಒಂದೇ: ಜಿಂಜಾ ಎಂಬ ಊರಿನ ಅವರ ಶಾಲೆಗೆ ಬಂದ ಕಂಪ್ಯೂಟರ್ ತೀರ ಹೊಸದಾಗಿತ್ತು. ಹನ್ನೊಂದು ವರ್ಷ ಅವರು ಹಳೆಯ ಯಂತ್ರಗಳಲ್ಲೇ ಮಕ್ಕಳಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು ಕಲಿಸಿದ್ದರು. ಮುದಿ ಎತ್ತುಗಳ ಹಾಗೆ ನಿಧಾನವಾದರೂ ಅವು ಹೇಳಿದ ಮಾತು ಕೇಳುತ್ತಿದ್ದವು. ಈ ಹೊಸದಕ್ಕೆ ಚಿತ್ರ ಮೂಡಿಸುವ ಭಾಗ ಪ್ರೊಸೆಸರಿನ ಒಡಲಲ್ಲೇ ಇತ್ತು. ಮೇಷ್ಟ್ರ ಬಳಿಯಿದ್ದ ಎರಡು ವರ್ಷ ಹಳೆಯ ಲಿನಕ್ಸಿಗೆ ಅದರ ಪರಿಚಯವೇ ಇರಲಿಲ್ಲ.

ಮೂರು ಗಂಟೆಗೆ ಪೋಷಕರು ಬರುವವರಿದ್ದರು. ಸಭಾಂಗಣವನ್ನು ಕತ್ತಲು ಮಾಡಿ, ಗೋಡೆಯ ಮೇಲೆ ಊರಿನ ಆಕಾಶವನ್ನೇ ತಿರುಗಿಸಿ ತೋರಿಸುತ್ತೇನೆಂದು ಮೇಷ್ಟ್ರು ಒಪ್ಪಿಕೊಂಡಿದ್ದರು. ಬೆಳಿಗ್ಗೆ ಹತ್ತಕ್ಕೆ ಪ್ರೊಜೆಕ್ಟರ್ ಜೋಡಿಸಿ ನೋಡಿದಾಗ ಗೋಡೆಯ ಮೇಲೆ ಮೂಡಿದ್ದು ಊದಿಕೊಂಡ ಅಕ್ಷರಗಳ ಮಸುಕು ಚಿತ್ರ. ನಕ್ಷತ್ರವೊಂದು ಕೂದಲೆಳೆ ಸರಿಯಲು ಅರ್ಧ ನಿಮಿಷ ಹಿಡಿಯಿತು.

"ವೈರ್ ಸಡಿಲ ಆಗಿರ್ಬೇಕು," ಎನ್ನುತ್ತ ಇತಿಹಾಸದ ಮೇಷ್ಟ್ರು ಕಿರುಂಡಾ ವೈರನ್ನು ಎಳೆದೇಬಿಟ್ಟರು.

"ವೈರಲ್ಲ ಮಾರಾಯ. ಲಿನಕ್ಸಿನ ತಿರುಳನ್ನೇ ಬದಲಾಯಿಸ್ಬೇಕು, ಹೊಸ ಕರ್ನೆಲ್ ಹಾಕ್ಬೇಕು."

"ಯಾವ ಅಂಗಡೀಲಿ ಸಿಗುತ್ತೆ?"

"ಅಂಗಡೀಲಲ್ಲ. ಎಲ್ಲೆಲ್ಲಿಯದೋ ಜನ ಬರೆದು ಸುಮ್ನೆ ಕೊಡ್ತಾರೆ."

"ಸುಮ್ನೆ ಕೊಟ್ರೆ ಹೀಗೇ ಆಗೋದು."

ಇಂಟರ್ನೆಟ್ ಇದ್ದದ್ದು ಮುಖ್ಯೋಪಾಧ್ಯಾಯಿನಿ ನಮುಲೊಂಡೊ ಅವರ ಫೋನಿನಲ್ಲಿ ಮಾತ್ರ. ಆಕೆ ಹತ್ತಿರವಿದ್ದರೆ ಕರ್ನೆಲ್ ಇಳಿಯುತ್ತಿತ್ತು, ಕುರ್ಚಿ ನೋಡಲು ಅಂಗಳಕ್ಕೆ ಹೊರಟರೆ ನಿಲ್ಲುತ್ತಿತ್ತು. ಮೇಷ್ಟ್ರ ಮುಖ ನೋಡಲಾರದೆ ಅಡುಗೆಯ ಕಗೋಯಾ ಬೇಯಿಸಿದ ಬಾಳೆಕಾಯಿ ಮುದ್ದೆ, ಶೇಂಗಾ ಗೊಜ್ಜು ತಂದು ಕಂಪ್ಯೂಟರ್ ಪಕ್ಕದಲ್ಲೇ ಆಕೆಯ ಮುಂದಿಟ್ಟಳು.

"ಉಪ್ಪು ನೋಡಿ ಮೇಡಮ್. ನಿಧಾನವಾಗಿ ನೋಡಿ."

ಮೇಡಮ್ ಮೂರು ತಟ್ಟೆ ಉಪ್ಪು ನೋಡಿದರು. ಕರ್ನೆಲ್ ಪೂರ್ತಿ ಇಳಿಯಿತು. ಅದನ್ನು ಹಾಕುವ ಕೆಲಸ ಅರ್ಧವಾಗಿದ್ದಾಗ ಕಂಪ್ಯೂಟರ್ ಉಸಿರು ನಿಲ್ಲಿಸಿತು. ಕಿರುಂಡಾ ಅದರ ಪ್ಲಗ್ ಕಿತ್ತು ನೀರು ಕಾಯಿಸಲು ಇಟ್ಟಿದ್ದರು.

"ಚಹಾ ಕುಡಿದ್ರೆ ನಿಮಗೂ ತಲೆ ಓಡುತ್ತೆ ಅಂತ..."

ಮೇಷ್ಟ್ರು ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು. ಹಳೆಯ ಕರ್ನೆಲಿನಲ್ಲಿ ಯಂತ್ರವನ್ನು ಎಬ್ಬಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮುಗಿಯುವಷ್ಟರಲ್ಲಿ ಪೋಷಕರು ಬಂದು ಕೂತಾಗಿತ್ತು. ಕಿಟಕಿಯ ಪರದೆಗಳನ್ನು ಎಳೆದರು. ಗೋಡೆ ಕಪ್ಪಾಗಿಯೇ ಇತ್ತು. ಯಾರೋ ಕೆಮ್ಮಿದರು. ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಆಮೇಲೆ ಆಕಾಶ ಬಂತು.

ಚೆಲ್ಲಿದ ಸಾಸಿವೆಯಂತೆ ನಕ್ಷತ್ರಗಳು, ಒಂದೊಂದೂ ಚೂಪಾಗಿ. ನಡುವೆ ಆಕಾಶಗಂಗೆ. ಅಷ್ಟೂ ಒಟ್ಟಿಗೆ, ಒಂದಿಷ್ಟೂ ತಡವರಿಸದೆ, ಸರೋವರದ ಮೇಲಿನ ದೋಣಿಯಂತೆ ಜಾರಿದವು. ಕಿರುಂಡಾ ಟೋಪಿ ತೆಗೆದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಹೋಗಿ ಗೋಡೆ ಮುಟ್ಟಿದರು. "ನಮ್ಮನೆ ಮೇಲೆ ಇಷ್ಟೊಂದು ಇವೆಯಾ?" ಎಂದು ಮೆಲ್ಲಗೆ ಕೇಳಿದರು.

ಹೊಸ ಕರ್ನೆಲಿನ ಜೊತೆಗೇ ಇಳಿಸಿಕೊಂಡ ಬದಲಾವಣೆಗಳ ಪಟ್ಟಿ ಮೇಷ್ಟ್ರ ಫೋನಿನಲ್ಲಿತ್ತು. ಈ ಪ್ರೊಸೆಸರನ್ನು ಲಿನಕ್ಸಿಗೆ ಪರಿಚಯಿಸಿದ ಸಾಲಿನ ಪಕ್ಕ ಒಂದು ಹೆಸರು. ಯಾವ ದೇಶದ್ದೋ, ಉಚ್ಚರಿಸಲೂ ಬಾರದು. ಜಿಂಜಾ ಎಲ್ಲಿದೆಯೆಂದೂ ತಿಳಿಯದ ಯಾರೋ ಒಬ್ಬರು ಕೂತು ಬರೆದದ್ದರಿಂದ ಈ ಅಜ್ಜಿಗೆ ಆಕಾಶ ಸಿಕ್ಕಿತ್ತು. ಮೇಷ್ಟ್ರು ಆ ಹೆಸರನ್ನು ತಮಗೆ ಬಂದಂತೆ ಎರಡು ಸಲ ಹೇಳಿಕೊಂಡರು.

ನಮುಲೊಂಡೊ ಕಣ್ಣೊರೆಸುತ್ತ, ಕಿವಿಯಿಂದ ಫೋನ್ ಇಳಿಸುತ್ತ ಬಂದರು.

"ಮೇಷ್ಟ್ರೇ, ಪೋಷಕರು ಇಪ್ಪತ್ತು ಕಂಪ್ಯೂಟರ್ ಕೊಡಿಸ್ತಾರಂತೆ. ಅಂಗಡಿಗೆ ಈಗ್ಲೇ ಹೇಳಿಬಿಟ್ಟೆ."

"ಇದೇ ತರದ್ದು ತಾನೇ, ಮೇಡಮ್?"

"ಅಂಗಡಿಯವರು ಎಷ್ಟು ಒಳ್ಳೆಯವರು ಅಂತೀರಿ. ಇದು ಹಳೇದಾಯ್ತು, ಹೋದ ವಾರವಷ್ಟೇ ಬಂದಿರೋ ಪ್ರೊಸೆಸರ್ ಹಾಕಿ ಕೊಡ್ತೀವಿ ಅಂದ್ರು. ನಾಳೆ ಬೆಳಿಗ್ಗೆ ಬರುತ್ತೆ. ಮಧ್ಯಾಹ್ನ ಬಿಷಪ್ಪರು ಬರ್ತಾರೆ, ಇಪ್ಪತ್ತರಲ್ಲೂ ಆಕಾಶ ತೋರಿಸ್ಬಿಡಿ."

ಬಲಿಕೋವಾ ಮೆಲ್ಲಗೆ ನೆಲದ ಮೇಲೆ ಕುಳಿತುಕೊಂಡರು.